ಬಳ್ಳಾರಿಯಿಂದ ಹೋಗಿ ಬರುವವರಿಗೆ ನಮ್ಮ ಮೆಟ್ರೋ ಹೇಗಿದೆ?

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ನಮ್ಮೂರಿನವರು ಕೇಳಿದರೆ ನಾನು ಹೇಳುವುದು ಇಷ್ಟೇ: ಕೈಯಲ್ಲಿ ಸಾಮಾನು ಕಡಿಮೆ ಇದ್ದರೆ ಕಣ್ಣು ಮುಚ್ಚಿ ಮೆಟ್ರೋ ಹತ್ತಿ. ಜಾಸ್ತಿ ಇದ್ದರೆ ಸ್ವಲ್ಪ ಯೋಚನೆ ಮಾಡಿ.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಸ್ಯಾಂಪಲ್ ತೋರಿಸುವುದು, ಝಿಪ್, ಬಟನ್ ತರುವುದು ಎಲ್ಲ ಚಿಕ್ಕಪೇಟೆಯಲ್ಲೇ. 2017ರ ಜೂನ್‌ನಲ್ಲಿ ಅಲ್ಲಿಯ ನಿಲ್ದಾಣ ಶುರುವಾದ ಮೇಲೆ ನನ್ನ ಓಡಾಟವೆಲ್ಲ ಹಸಿರು ಮಾರ್ಗದಲ್ಲಿ. ಮೆಜೆಸ್ಟಿಕ್ ಬಿಟ್ಟರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಮೊದಲೆಲ್ಲ ಆಟೋದವರ ಜೊತೆ ಚೌಕಾಸಿ ಮಾಡಿಯೇ ಅರ್ಧ ಸುಸ್ತಾಗುತ್ತಿತ್ತು. ಈಗ ಆ ರಗಳೆ ಇಲ್ಲ. ನೆಲದೊಳಗಿಂದ ಎಸ್ಕಲೇಟರ್‌ನಲ್ಲಿ ಮೇಲೆ ಬಂದರೆ ಕೈಗಾಡಿ, ಹಮಾಲರು, ಬಟ್ಟೆ ಕಟ್ಟುಗಳ ನಡುವೆ ಇರುತ್ತೀರಿ. ಹಳೇ ಪೇಟೆಯ ಕೆಳಗೆ ಸುರಂಗ ಕೊರೆದು ಇಷ್ಟು ಸಲೀಸು ಮಾಡಿದ್ದಾರಲ್ಲ, ಅದು ದೊಡ್ಡ ಕೆಲಸ.

ಮೆಜೆಸ್ಟಿಕ್‌ನಲ್ಲಿ ಹೊಸಬರು ಗಾಬರಿ ಆಗುವುದು ಸಹಜ. ನೇರಳೆ ಮಾರ್ಗ ಮೇಲಿನ ಅಂತಸ್ತಿನಲ್ಲಿ, ಹಸಿರು ಅದರ ಕೆಳಗೆ. ಬಣ್ಣದ ಬೋರ್ಡ್ ನೋಡುತ್ತಾ ನಡೆದರೆ ದಾರಿ ತಪ್ಪುವುದಿಲ್ಲ. ಓದಲು ಬಾರದವರಿಗೆ ರೈಲಿನೊಳಗಿನ ಕನ್ನಡ ಪ್ರಕಟಣೆಯೇ ಆಸರೆ. ನಮ್ಮ ಅತ್ತೆ ಅದನ್ನು ಕೇಳಿಕೊಂಡೇ ಇಳಿಯುತ್ತಾರೆ. ಮೆಟ್ರೋಗೆ ಆ ದನಿ ಕೊಟ್ಟ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಅಷ್ಟು ತಿಳಿಯಾದ, ಸಮಾಧಾನದ ಕನ್ನಡ ಕೇಳುವುದೇ ಒಂದು ಧೈರ್ಯ.

ಈಗ ಸಾಮಾನಿನ ವಿಷಯ. ಎಲ್ಲ ಬ್ಯಾಗೂ ಸ್ಕ್ಯಾನರ್ ಒಳಗೆ ಹೋಗಿ ಬರಬೇಕು. ಅಳತೆ ಮೀರಿದ ಬ್ಯಾಗಿಗೆ ಬೇರೆ ದುಡ್ಡು. ಲ್ಯಾಪ್‌ಟಾಪ್ ಬ್ಯಾಗಿನವರಿಗೆ ಇದು ಲೆಕ್ಕಕ್ಕೇ ಇಲ್ಲ. ಹಗ್ಗ ಬಿಗಿದು, ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದ ಪ್ಯಾಂಟಿನ ಕಟ್ಟು ಹೊತ್ತವರಿಗೆ ಲೆಕ್ಕಕ್ಕೆ ಬರುತ್ತದೆ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯಂಥ ಕಡೆ ನಿಲ್ದಾಣ ಕಟ್ಟಿದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಒಂದು ಅನುಕೂಲ ಬೇಕೇ ಬೇಕು. ಜನ ಕಡಿಮೆ ಇರುವ ಹೊತ್ತಿನಲ್ಲಾದರೂ ಇಂಥ ಕಟ್ಟು ಒಯ್ಯಲು ಬಿಡಲಿ. ನಾನಂತೂ ಸ್ಯಾಂಪಲ್ ಮಾತ್ರ ಜೊತೆಗೆ ಒಯ್ಯುತ್ತೇನೆ, ಉಳಿದದ್ದು ಪಾರ್ಸೆಲ್.

2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ನನ್ನಂಥ ಹತ್ತಿರದ ಪ್ರಯಾಣಕ್ಕೆ ಅಷ್ಟು ತಟ್ಟಲಿಲ್ಲ. ಆದರೆ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವ ನಮ್ಮೂರ ಹುಡುಗರಿಗೆ ಅದು ಭಾರವೇ. ಕಾರ್ಡ್ ಮಾಡಿಸಿಕೊಂಡರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ.

ಸಮಯವನ್ನೂ ನೋಡಿಕೊಳ್ಳಿ. 2025ರ ಜನವರಿಯಿಂದ ಸೋಮವಾರ ಬೆಳಗಿನ ಜಾವ 4.15ಕ್ಕೇ ರೈಲು ಬಿಡಲು ಶುರು ಮಾಡಿದರು. ಊರಿಗೆ ಹೋಗಿ ವಾಪಸ್ ಬರುವವರಿಗೆ ಇದು ನಿಜವಾದ ಉಪಕಾರ. ಭಾನುವಾರ ಮಾತ್ರ 7 ಗಂಟೆಗೆ. ರಾತ್ರಿ ರೈಲಿನಲ್ಲಿ ಬಂದವರು ಅಲ್ಲಿಯವರೆಗೆ ಕಾಯಬೇಕು, ಇಲ್ಲ ಆಟೋ ಹಿಡಿಯಬೇಕು. ಇದನ್ನು ಬದಲಿಸಲೇಬೇಕು.

ಜಯದೇವ ಆಸ್ಪತ್ರೆಗೆ ಹೋಗುವವರು ನಮ್ಮ ಕಡೆ ಬಹಳ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಅವರ ದಾರಿ ಸುಲಭವಾಗಿದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಳದಿಗೆ ಬದಲಾಯಿಸಿದರೆ ಎರಡನೇ ನಿಲ್ದಾಣವೇ ಜಯದೇವ. ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲು ಬೇಡ, ಲಿಫ್ಟ್ ಹಿಡಿಯಿರಿ. ಹಳದಿ ರೈಲಿಗೆ ಕಾಯಬೇಕಾಗಬಹುದು, ಡಾಕ್ಟರ್ ಕೊಟ್ಟ ಸಮಯಕ್ಕಿಂತ ಸ್ವಲ್ಪ ಮುಂಚೆಯೇ ಹೊರಡಿ.