ಮಾವಿನಕಾಯಿ ಆಕಾರದ ಯುಕುಲೆಲೆ: ಆರು ಮಳೆಗಾಲಗಳ ನಂತರ

2019ರ ಮಾರ್ಚ್‌ನಲ್ಲಿ ಕೈಗೆ ಬಂದ ಈ ಯುಕುಲೆಲೆ, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ, ಶಿರಸಿಯ ನಮ್ಮ ಮನೆಯಲ್ಲಿ ಆರು ಮಳೆಗಾಲ ಕಂಡಿದೆ. ಅಂಗಡಿಯಿಂದ ತಂದದ್ದಲ್ಲ. ಅಮ್ಮನ ಮದುವೆ ಸೀರೆಯ ಸೆರಗಿನಲ್ಲಿ ಜರಿಯ ಮಾವಿನಕಾಯಿ ಬುಟ್ಟಾ ಇದೆ. ಅದನ್ನು ಟ್ರೇಸಿಂಗ್ ಪೇಪರಿನಲ್ಲಿ ಎತ್ತಿಕೊಂಡು, ಇದೇ ಆಕಾರ ಬೇಕು ಎಂದು ಹೇಳಿ ಮಾಡಿಸಿದ್ದು. ಮಾಡಿಕೊಟ್ಟವರು ಬೆಂಗಳೂರಿನ ಹೊರವಲಯದ ಶೆಡ್ಡೊಂದರಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದ ಹಿರಿಯರು. ಈಗ ಹೊಸ ಆರ್ಡರ್ ಹಿಡಿಯುತ್ತಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ಬೇರೆಯವರ ಹತ್ತಿರ ಹೀಗೆ ತಮ್ಮ ಆಕಾರದ ವಾದ್ಯ ಮಾಡಿಸಲು ಹೊರಟವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ವಾದ್ಯದ ವಿವರ: ಕಾನ್ಸರ್ಟ್ ಅಳತೆ, ಅಂದರೆ ನಟ್‌ನಿಂದ ಸ್ಯಾಡಲ್‌ವರೆಗೆ ಸುಮಾರು 15 ಇಂಚು (ತಂತಿ ಮೇಲ್ತುದಿಯಲ್ಲಿ ಕೂರುವ ಪಟ್ಟಿ ನಟ್, ಒಡಲಿನ ಮೇಲೆ ಕೂರುವ ಪಟ್ಟಿ ಸ್ಯಾಡಲ್). ಮೇಲ್ಹಲಗೆ, ಹಿಂಬದಿ, ಪಕ್ಕ ಮೂರೂ ಮಾವಿನ ಮರ. ನೆಕ್ ಎಂಬ ಉದ್ದನೆಯ ಹಿಡಿ ತೇಗ, ಫ್ರೆಟ್ (ಸ್ವರ ಬದಲಿಸುವ ಲೋಹದ ಅಡ್ಡಗೆರೆ) ಕೂರಿಸಿದ ಪಟ್ಟಿ ಬೀಟೆ. ಆಗ ಕೊಟ್ಟದ್ದು 34,000 ರೂಪಾಯಿ, ಅರ್ಧ ಮುಂಗಡ. ಕಾದದ್ದು ಐದು ತಿಂಗಳು.

ಮೊದಲ ದಿನ ಶೆಡ್ಡಿಗೆ ಹೋದಾಗ ನನ್ನ ಚಿತ್ರವನ್ನು ಬೆಂಚಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಾನು ಬುಟ್ಟಾದ ಬಾಗಿದ ತುದಿಯಿಂದಲೇ ನೆಕ್ ಹೊರಡುವಂತೆ ಬರೆದಿದ್ದೆ. ನೋಡಲು ಚಂದವಿತ್ತು, ಬಳ್ಳಿಯಿಂದ ಕಾಯಿ ಇಳಿದ ಹಾಗೆ. ಅವರು ಪೆನ್ಸಿಲ್ ತೆಗೆದುಕೊಂಡು ಅದರ ಮೇಲೆ ಒಂದು ನೇರ ಗೆರೆ ಎಳೆದರು. "ಮೇಡಂ, ಕಾಯಿ ನಿಮ್ಮಿಷ್ಟ. ಈ ಗೆರೆ ಮಾತ್ರ ನನಗೆ ಬಿಟ್ಟುಬಿಡಿ" ಅಂದರು.

ಆ ಗೆರೆಯ ಅರ್ಥ ನನಗೆ ತಿಳಿದದ್ದು ನಿಧಾನಕ್ಕೆ. ತಂತಿ ನಟ್‌ನಿಂದ ಸ್ಯಾಡಲ್‌ಗೆ ನೇರ ಹೋಗಲೇಬೇಕು. 12ನೇ ಫ್ರೆಟ್ ಅದರ ನಡುವೆ ಬೀಳಬೇಕು. ಒತ್ತಿದಾಗ ತಂತಿ ತುಸು ಎಳೆದು ಸ್ವರ ಏರುವುದರಿಂದ ಸ್ಯಾಡಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಸರಿಸಬೇಕು. ಸ್ಯಾಡಲನ್ನು ಹೊತ್ತ ಮರದ ತುಂಡು, ಅಂದರೆ ಬ್ರಿಡ್ಜ್, ಮೇಲ್ಹಲಗೆಯ ಅಗಲವಾದ ಭಾಗದಲ್ಲಿ, ಅಂಚಿನಿಂದ ದೂರ ಕೂತರೆ ಹಲಗೆ ಚೆನ್ನಾಗಿ ಅದುರುತ್ತದೆ. ನೆಕ್ ಸೇರುವ ಕಡೆ ಒಳಗೊಂದು ದಪ್ಪ ಮರದ ತುಂಡು ಇರಬೇಕು, ನಾಲ್ಕು ತಂತಿಗಳ ಎಳೆತ ತಡೆಯುವುದು ಅದೇ. ಬಾಗಿದ ಸಪೂರ ತುದಿಯಲ್ಲಿ ಅದಕ್ಕೆ ಜಾಗ ಎಲ್ಲಿದೆ? ಹೀಗಾಗಿ ತುದಿಯನ್ನು ಎಡ ಹೆಗಲಿಗೆ, ಅಂದರೆ ಹಿಡಿದಾಗ ಮೇಲೆ ಬರುವ ಕಡೆಗೆ ತಿರುಗಿಸಿದರು. ಕೆಳಗಿನ ಹೆಗಲು ತಾನಾಗಿ ಜಾರಿಕೊಂಡಿತು. ಆಗ ನನಗೆ ಸ್ವಲ್ಪ ಬೇಸರವೇ ಆಗಿತ್ತು. ಈಗ 12ನೇ ಫ್ರೆಟ್ಟಿನ ಆಚೆ ಬೆರಳು ಸಲೀಸಾಗಿ ಹೋಗುವುದು ಆ ಇಳಿಜಾರಿನಿಂದಲೇ.

ಆಕಾರ ಬದಲಿಸುವುದು ಯುಕುಲೆಲೆಗೆ ಹೊಸದೇನಲ್ಲ. 1879ರಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗಿನಲ್ಲಿ ಪೋರ್ಚುಗಲ್ಲಿನ ಮದೇರಾ ದ್ವೀಪದಿಂದ ಹೊನೊಲುಲುವಿಗೆ ಬಂದವರಲ್ಲಿ ಮೂವರು ಮರಗೆಲಸದವರಿದ್ದರು. ಅವರ ಊರಿನ ಪುಟ್ಟ ಗಿಟಾರೇ ಹವಾಯಿಯಲ್ಲಿ ಕೋವಾ ಮರ ಹೊದ್ದು ಯುಕುಲೆಲೆಯಾಯಿತು. 1916ರಲ್ಲಿ ಹೊನೊಲುಲುವಿನಲ್ಲೇ ಕೆಲಸ ಶುರುಮಾಡಿದ ಸ್ಯಾಮ್ಯುಯೆಲ್ ಕಮಾಕಾ ಅದರ ಸೊಂಟವನ್ನೇ (ನಡುವೆ ಒಳಬಾಗಿದ ಭಾಗ) ತೆಗೆದುಹಾಕಿ ಅನಾನಸ್ ಆಕಾರದ್ದು ಮಾಡಿದರು. 1928ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಅವರ ಮನೆತನ ಇಂದಿಗೂ ಅದನ್ನು ಮಾಡುತ್ತಿದೆ. 1920ರ ದಶಕದಲ್ಲಿ ಶಿಕಾಗೋದ ಲಯನ್ ಅಂಡ್ ಹೀಲಿ ಕಂಪನಿ ತ್ರಿಕೋನಾಕಾರದ್ದನ್ನೇ ಮಾರಿತು. ನನಗೆ ವಾದ್ಯ ಮಾಡಿಕೊಟ್ಟ ಹಿರಿಯರ ಶೆಡ್ಡಿನ ಗೋಡೆಯ ಮೇಲೆ ಈ ಎರಡರ ಚಿತ್ರವೂ ಇತ್ತು. ಅನಾನಸ್ಸಿನ ಕಡೆ ಬೆರಳು ತೋರಿಸಿ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ: ಸೊಂಟ ತೆಗೆದರೆ ಪಕ್ಕದ ಪಟ್ಟಿ ಬಾಗಿಸುವ ಕೆಲಸ ಹಗುರ, ಮೇಲ್ಹಲಗೆಗೆ ಜಾಗ ಹೆಚ್ಚು, ಆದರೆ ತೊಡೆಯ ಮೇಲೆ ನಿಲ್ಲುವುದಿಲ್ಲ.

ನಿಜಕ್ಕೂ ನಿಲ್ಲುವುದಿಲ್ಲ. ನನ್ನ ಮಾವಿನಕಾಯಿಯ ಕೆಳಭಾಗ ಪೂರ್ತಿ ಗುಂಡು, ಹತ್ತಿ ಸೀರೆಯ ಮೇಲೂ ಜಾರುತ್ತದೆ, ಚೂಡಿದಾರದ ಮೇಲಂತೂ ಕೇಳುವುದೇ ಬೇಡ. ಮೊದಲ ನಾಲ್ಕು ತಿಂಗಳು ಎಡಗೈಯಲ್ಲೇ ನೆಕ್ ಎತ್ತಿ ಹಿಡಿದು ನುಡಿಸಿ ಹೆಬ್ಬೆರಳಿನ ಬುಡ ನೋಯುತ್ತಿತ್ತು. ಕೊನೆಗೆ ಬುಡಕ್ಕೊಂದು, ನೆಕ್ಕಿನ ಹಿಮ್ಮಡಿಗೊಂದು ಗುಂಡಿ ಹಾಕಿಸಿ ಹೆಗಲಿಗೆ ಹಾಕುವ ಪಟ್ಟಿ ಕಟ್ಟಿದೆ. ಅಲ್ಲಿಗೆ ಆ ಸಮಸ್ಯೆ ಮುಗಿಯಿತು. ಸೊಂಟವಿಲ್ಲದ ಯಾವ ಆಕಾರ ಮಾಡಿಸಿದರೂ ಪಟ್ಟಿಯ ಗುಂಡಿಯನ್ನು ಮೊದಲ ದಿನವೇ ಕೇಳಿ. ಮುಗಿದ ವಾದ್ಯಕ್ಕೆ ಆಮೇಲೆ ರಂಧ್ರ ಕೊರೆಯುವುದನ್ನು ನೋಡುತ್ತ ನಿಲ್ಲುವುದು ಕಷ್ಟದ ಕೆಲಸ.

ಮರದ ಆಯ್ಕೆಗೆ ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. "ಮಾವಿನ ಹಲಗೆಗೆ ಕುಟ್ಟೆ ಹಿಡಿತು ಕೂಸೇ, ದುಡ್ಡು ದಂಡ" ಎಂದು ಅಮ್ಮ ಹೇಳಿದ್ದಳು. ಹೋಮಕ್ಕೆ, ಹಣ್ಣು ತುಂಬುವ ಪೆಟ್ಟಿಗೆಗೆ ಬಿಟ್ಟು ಮಾವಿನ ಮರವನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹವಾಯಿಯ ಕುಶಲಕರ್ಮಿಗಳು ಕೋವಾ ಮರದ ಜೊತೆಗೆ ಮಾವನ್ನೂ ಪ್ರೀತಿಯಿಂದ ಬಳಸುತ್ತಾರೆ ಎಂದು ತೋರಿಸಿದರೂ ಅಮ್ಮನಿಗೆ ಸಮಾಧಾನವಾಗಲಿಲ್ಲ. ಮರ ಚೆನ್ನಾಗಿ ಒಣಗಿದ್ದಿರಬೇಕು, ಒಳಮೈಯನ್ನೂ ಒಮ್ಮೆ ಪರೀಕ್ಷಿಸಿ ಮುಚ್ಚಿರಬೇಕು, ಅಷ್ಟೇ. ಆರು ವರ್ಷದಲ್ಲಿ ಒಂದು ತೂತೂ ಬಿದ್ದಿಲ್ಲ. ಹಿಂಬದಿಯಲ್ಲಿ ಶಿಲೀಂಧ್ರ ಬರೆದ ಕಪ್ಪು ಗೆರೆಗಳಿವೆ, ಮಳೆಗಾಲದ ಮೋಡದಂತೆ. ಈಗ ಮನೆಗೆ ಬಂದವರಿಗೆ ಅದನ್ನು ತಿರುಗಿಸಿ ತೋರಿಸುವುದು ಅಮ್ಮನೇ.

ಕುಟ್ಟೆ ಬರಲಿಲ್ಲ, ಆದರೆ ಮಳೆ ಬಂತು. ಶಿರಸಿಯ ಜುಲೈ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಕಪಾಟಿನ ಬಟ್ಟೆಗೇ ಬೂಸ್ಟು ಬರುವ ಕಾಲದಲ್ಲಿ ಎರಡು ಮಿಲಿಮೀಟರಿಗಿಂತ ತೆಳುವಾದ ಹಲಗೆ ಸುಮ್ಮನಿದ್ದೀತೇ? ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಅಂಚು ಅಂಟಿಕೊಂಡಿರುವುದರಿಂದ ಹಲಗೆ ಮೇಲಕ್ಕೆ ಉಬ್ಬಿ ಬ್ರಿಡ್ಜನ್ನೂ ಎತ್ತುತ್ತದೆ. ಮೊದಲ ಮಳೆಗಾಲದಲ್ಲಿ 12ನೇ ಫ್ರೆಟ್ಟಿನ ಬಳಿ ತಂತಿಯ ಎತ್ತರ ಎರಡೂವರೆ ಮಿಲಿಮೀಟರಿನಿಂದ ಮೂರು ದಾಟಿತು. ಒತ್ತಲು ಬಿಗಿ, ಸ್ವರವೂ ಏರಿಕೆ. ಆಗಸ್ಟಿನಲ್ಲಿ ಒಂದು ರಾತ್ರಿ ಟಪ್ ಎಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ಮಾವಿನ ತುದಿಯಲ್ಲಿ ಬೆಸುಗೆ ಬಿಟ್ಟು ಉಗುರು ತೂರುವಷ್ಟು ಸೀಳು.

ಆ ತುದಿಯೇ ಇಡೀ ಆಕಾರದ ದುರ್ಬಲ ಜಾಗ. ಪಕ್ಕದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಾಗಿಸುತ್ತಾರೆ. ದೊಡ್ಡ ತಿರುವಿಗೆ ಮರ ಒಪ್ಪುತ್ತದೆ, ಚೂಪು ತಿರುವಿಗೆ ನಾರು ಮುರಿಯುತ್ತದೆ. ಹಾಗಾಗಿ ಎರಡು ಪಟ್ಟಿಗಳನ್ನು ತುದಿಯಲ್ಲಿ ಕೂಡಿಸಿ, ಒಳಗೆ ಮರದ ತುಂಡು ಕೊಟ್ಟು ಅಂಟಿಸಬೇಕು, ಪಿಟೀಲಿನ ಮೂಲೆಗಳಲ್ಲಿ ಇರುವ ಹಾಗೆಯೇ. ನನ್ನದರಲ್ಲಿ ಆ ತುಂಡು ತೀರಾ ಚಿಕ್ಕದಾಗಿತ್ತು.

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಬೆಂಗಳೂರಿಗೆ ಕಳಿಸುವ ತಾಳ್ಮೆ ಇಲ್ಲದೆ ಪೀಠೋಪಕರಣ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆ. ಅವರು ಕ್ಷಣದಲ್ಲಿ ಒಣಗುವ ಅಂಟು ಸುರಿದು ಒತ್ತಿಹಿಡಿದರು. ಅಂಟು ಹೊರಗೆ ಹರಿದು ಪಾಲಿಶ್ ಬಿಳಿಚಿತು, ಮೂರು ವಾರಕ್ಕೆ ಸೀಳು ಮತ್ತೆ ಬಾಯಿ ಬಿಟ್ಟಿತು. ದೀಪಾವಳಿ ರಜೆಗೆ ಬೆಂಗಳೂರಿಗೆ ಹೋದಾಗ ಹಿರಿಯರು ಆ ಅಂಟನ್ನು ಕೆರೆದು ತೆಗೆಯಲು ಎರಡು ದಿನ ಕೂತರು. ತುಂಡು ದೊಡ್ಡದು ಮಾಡಿ, ತುದಿಯನ್ನು ಸ್ವಲ್ಪ ಮೊಂಡು ಮಾಡಿದರು. ದುಡ್ಡು ತೆಗೆದುಕೊಳ್ಳಲಿಲ್ಲ. "ನಿಮ್ಮ ಊರಿನ ಮಳೆ ನಾನು ಲೆಕ್ಕ ಹಾಕಿರಲಿಲ್ಲ ಮೇಡಂ, ಅದು ನನ್ನ ಕಡೆಯ ತಪ್ಪು" ಅಂದರು. ಅಲ್ಲಿಂದ ಇಲ್ಲಿಯವರೆಗೆ ಆ ಬೆಸುಗೆ ಅಲುಗಿಲ್ಲ. ಬಿಳಿಚಿದ ಕಲೆ ಮಾತ್ರ ಉಳಿದಿದೆ.

ಅದೇ ಭೇಟಿಯಲ್ಲಿ ಅವರು ಮಾಡಿಕೊಟ್ಟ ಇನ್ನೊಂದು ಉಪಾಯಕ್ಕೆ ನಾನು ಎಷ್ಟು ಕೃತಜ್ಞಳೋ ಹೇಳಲಾರೆ: ಮೂಳೆಯ ಎರಡು ಸ್ಯಾಡಲ್. ಒಂದು ಗಿಡ್ಡ, ಮಳೆಗಾಲಕ್ಕೆ. ಒಂದು ಎತ್ತರದ್ದು, ಬೇಸಿಗೆಗೆ. ಸ್ಯಾಡಲ್ ಒಂದು ಮಿಲಿಮೀಟರ್ ಇಳಿದರೆ 12ನೇ ಫ್ರೆಟ್ಟಿನ ಬಳಿ ತಂತಿ ಅರ್ಧ ಮಿಲಿಮೀಟರ್ ಇಳಿಯುತ್ತದೆ, ಮಳೆ ಎತ್ತಿದ್ದೂ ಹೆಚ್ಚುಕಡಿಮೆ ಅಷ್ಟೇ. ಜೂನ್ ಕೊನೆಗೆ ತಂತಿ ಸಡಿಲಿಸಿ ಗಿಡ್ಡದನ್ನು ಕೂರಿಸುತ್ತೇನೆ, ನವೆಂಬರಿನಲ್ಲಿ ಮತ್ತೆ ಬದಲು. ಹತ್ತು ನಿಮಿಷದ ಕೆಲಸ. ಮಲೆನಾಡು, ಕರಾವಳಿಯಲ್ಲಿರುವವರು ಪ್ಲೈವುಡ್ ಅಲ್ಲದ, ಇಡೀ ಮರದ ಯಾವ ತಂತಿವಾದ್ಯ ಮಾಡಿಸಿದರೂ ಇದನ್ನು ಕೇಳಿ ಪಡೆಯಿರಿ. ಫೆಬ್ರವರಿಯಲ್ಲಿ ಉಲ್ಟಾ ಕಷ್ಟ: ಬೀಟೆ ಪಟ್ಟಿ ಕುಗ್ಗಿ ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ. ಒಮ್ಮೆ ಅರ ಹಾಕಿಸಿದ ಮೇಲೆ ಆ ತೊಂದರೆ ಇಲ್ಲ. ಪೆಟ್ಟಿಗೆಯೊಳಗೆ ಪುಟ್ಟ ತೇವಾಂಶ ಮಾಪಕ ಇಟ್ಟಿದ್ದೇನೆ. ಶೇಕಡ 45ರಿಂದ 55ರ ನಡುವೆ ಇರಲಿ ಎನ್ನುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಸಿಲಿಕಾ ಪೊಟ್ಟಣ ವಾರಕ್ಕೊಮ್ಮೆ ಬದಲಿಸಿದರೂ 60ಕ್ಕಿಂತ ಕೆಳಗೆ ಇಳಿಸುವುದು ಹರಸಾಹಸ.

ಪೆಟ್ಟಿಗೆಯ ಕಥೆ ಬೇರೆ. ಯಾವ ಸಿದ್ಧ ಪೆಟ್ಟಿಗೆಗೂ ಮಾವಿನಕಾಯಿ ಹೊಂದುವುದಿಲ್ಲ. ಮೊದಲು ಟೈಲರ್ ಹತ್ತಿರ ಫೋಮ್ ಇಟ್ಟು ಚೀಲ ಹೊಲಿಸಿದೆ, ಬಸ್ಸಿನ ಪ್ರಯಾಣಕ್ಕೆ ಅದು ಸಾಲಲಿಲ್ಲ. ಈಗ ಬ್ಯಾರಿಟೋನ್ ಎಂಬ ದೊಡ್ಡ ಗಾತ್ರದ ಯುಕುಲೆಲೆಯ ಗಟ್ಟಿ ಪೆಟ್ಟಿಗೆ ಕೊಂಡು, ಖಾಲಿ ಮೂಲೆಗಳಿಗೆ ಹಳೆಯ ಟವೆಲ್ ಸುತ್ತಿ ತುಂಬಿದ್ದೇನೆ. ನಿಮ್ಮ ಆಕಾರ ಬರೆಯುವಾಗಲೇ ಬ್ಯಾರಿಟೋನ್ ಪೆಟ್ಟಿಗೆಯ ಒಳ ಅಳತೆ ಪಕ್ಕದಲ್ಲಿಟ್ಟುಕೊಳ್ಳಿ.

ನಾದದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ: ಆಕಾರದಿಂದ ಸ್ವರ ಬದಲಾಯಿತೇ? ನನ್ನ ಕಿವಿಗೆ ಕೇಳುವುದು ಮೊದಲು ಮರ ಮತ್ತು ಹಲಗೆಯ ತೆಳುತನ, ಆಮೇಲೆ ತಂತಿ, ಎಲ್ಲಕ್ಕಿಂತ ಕೊನೆಗೆ ಆಕಾರ. ಮಾವು ಮೆತ್ತಗೆ, ಬೆಚ್ಚಗೆ ನುಡಿಯುತ್ತದೆ. ಶಾಲೆಯ ಸಭಾಂಗಣದಲ್ಲಿ ಮೈಕ್ ಇಲ್ಲದೆ ಹಿಂದಿನ ಸಾಲಿಗೆ ತಲುಪುವುದಿಲ್ಲ. ನೈಲಾನ್ ತೆಗೆದು ಫ್ಲೋರೋಕಾರ್ಬನ್ ತಂತಿ ಹಾಕಿದ ದಿನ ಆದ ಬದಲಾವಣೆ ಆರು ವರ್ಷ ನುಡಿಸಿದ್ದರಿಂದ ಆದದ್ದಕ್ಕಿಂತ ದೊಡ್ಡದು. ದುಂಡು ರಂಧ್ರದ ಬದಲು ಎರಡು ಮಾವಿನೆಲೆ ಕೊರೆಸಿದ್ದೇನೆ. ಅವೆರಡರ ಒಟ್ಟು ವಿಸ್ತೀರ್ಣ ಮಾಮೂಲಿ ರಂಧ್ರದಷ್ಟೇ ಇರಲಿ ಎಂದು ಹಿರಿಯರು ಕಾಗದದಲ್ಲಿ ಲೆಕ್ಕ ಹಾಕಿ ಕೊರೆದರು. ರಂಧ್ರ ಕಿರಿದಾದರೆ ಒಳಗಿನ ಗಾಳಿಯ ಅನುರಣನ ಕೆಳಗಿಳಿಯುತ್ತದೆ. ಚೆಲುವಿಗೆಂದು ಸಣ್ಣ ಸಣ್ಣ ತೂತು ಮಾಡಿಸುವವರು ಇದನ್ನು ನೆನಪಿಡಬೇಕು.

ನಾನು ಮಕ್ಕಳಿಗೆ ಭಾವಗೀತೆ ಕಲಿಸುತ್ತೇನೆ, ಅದಕ್ಕೆ ಇದು ಒಳ್ಳೆಯ ಜೊತೆ. ಮೇಲಿನ ತಂತಿ ದಪ್ಪವಿರದೆ ಏರುಸ್ವರದಲ್ಲೇ ಇರುವ, ಜಿ ಸಿ ಇ ಎ ಎಂಬ ಹಳೆಯ ಶ್ರುತಿಯಲ್ಲಿ ಮಕ್ಕಳ ದನಿಯ ಮೇಲೆ ಬೀಳದೆ ಪಕ್ಕದಲ್ಲಿ ನಡೆಯುತ್ತದೆ. ವೀಣೆಯ ಗಮಕ ಇದರಲ್ಲಿ ಬಯಸಬೇಡಿ. ನಾದ ಬೇಗ ಆರುತ್ತದೆ, ತಂತಿ ಎಳೆದರೂ ಸ್ವರ ವೀಣೆಯಷ್ಟು ಜಾರುವುದಿಲ್ಲ.

ಹೊರದೇಶಕ್ಕೆ ಒಯ್ಯುವವರಿಗೆ ಒಂದು ಮಾತು. 2017ರಲ್ಲಿ ಬೀಟೆಯೂ ಸೇರಿ ಆ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳು ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಪಟ್ಟಿಗೆ ಬಂದಾಗ ವಾದ್ಯದವರಿಗೆ ತುಂಬಾ ತೊಂದರೆಯಾಗಿತ್ತು. 2019ರ ನವೆಂಬರಿನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ಆ ಪಟ್ಟಿಯಿಂದ ವಿನಾಯಿತಿ ಇದೆ. ಆದರೂ ಮರದ ಹೆಸರು ಬರೆದ ಬಿಲ್ ಜೊತೆಗಿರಲಿ.

ಅಮೆರಿಕದಲ್ಲಿರುವ ಅಕ್ಕನ ಮಗಳು ಈಗ ಗೋಡಂಬಿ ಆಕಾರದ್ದು ಬೇಕೆಂದು ಚಿತ್ರ ಕಳಿಸಿದ್ದಾಳೆ. ಅಲ್ಲೇ ಒಬ್ಬರು ಮಾಡಿಕೊಡಲು ಒಪ್ಪಿದ್ದಾರಂತೆ. ಗೋಡಂಬಿಗೆ ಒಳಬಾಗು ಇರುವುದರಿಂದ ತೊಡೆಯ ಮೇಲೆ ಚೆನ್ನಾಗಿ ಕೂರಬೇಕು, ಚೂಪು ತುದಿಯೂ ಇಲ್ಲ. ಆದರೆ ಅವಳ ಚಿತ್ರದಲ್ಲಿ ಬ್ರಿಡ್ಜ್ ಬಾಗಿನ ನಡುವೆ, ಅಂಚಿಗೆ ತೀರಾ ಹತ್ತಿರ ಬಿದ್ದಿತ್ತು. ನಿನ್ನೆ ರಾತ್ರಿ ಅವಳ ಚಿತ್ರದ ಮೇಲೆ 15 ಇಂಚಿನ ನೇರ ಗೆರೆ ಎಳೆದು, ಕೆಳಹೊಟ್ಟೆಯನ್ನು ಅರ್ಧ ಇಂಚು ಅಗಲ ಮಾಡಿ ವಾಪಸ್ ಕಳಿಸಿದೆ.