ಪುತ್ತೂರಿಗೆ ಮೂರು ಬಗೆಯ ಪಯಣ, ಜೊತೆಗೆ ಇಬ್ಬರು ಪುಟ್ಟ ಮಕ್ಕಳು

ಬೆಂಗಳೂರಿನಿಂದ ಪುತ್ತೂರಿನ ಅಜ್ಜಿಮನೆಗೆ ನಾಲ್ಕೂವರೆ ವರ್ಷದ ಮಗನನ್ನೂ ಎರಡು ವರ್ಷದ ಮಗಳನ್ನೂ ಕಾರು, ರಾತ್ರಿ ಬಸ್ಸು, ಹಗಲು ರೈಲು ಹೀಗೆ ಮೂರೂ ರೀತಿಯಲ್ಲಿ ಕರೆದೊಯ್ದಿದ್ದೇವೆ. ಸಮಯ ಮತ್ತು ಖರ್ಚಿನ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ನಾನು ಹೋಲಿಸಿ ನೋಡಿದ್ದು, ಊರು ತಲಪುವಾಗ ನಮ್ಮ ಮುಖದಲ್ಲಿ ನಗು ಉಳಿದಿರುತ್ತದೆಯೇ ಎಂಬುದನ್ನು.

ಬೇಕಾದಲ್ಲಿ ನಿಲ್ಲಿಸಬಹುದೆಂಬ ಕಾರಿನ ಅನುಕೂಲ ಹಾಸನ ದಾಟುವವರೆಗೆ ನಿಜ. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಇಳಿಯುವಾಗ ನನ್ನವರು ರಸ್ತೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಗುಂಡ್ಯ ಬರುವ ಮೊದಲೇ ಮಗಳು ವಾಂತಿ ಮಾಡಿಕೊಂಡಳು, ಅದನ್ನು ಕಂಡು ಮಗನೂ ಅಳತೊಡಗಿದ. ಅಲ್ಲಿಂದ ಮುಂದೆ ನಾವಿಬ್ಬರೂ ಮಾತೇ ಆಡಲಿಲ್ಲ.

ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಮಕ್ಕಳು ಮಲಗಿಬಿಟ್ಟರೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಎಚ್ಚರವಾದರೆ ಮಾತ್ರ, ಪರದೆಯಾಚೆ ಮಲಗಿದವರಿಗೆ ತೊಂದರೆಯಾಗದಂತೆ ಅವರ ಅಳುವನ್ನಷ್ಟೇ ಅಲ್ಲ, ನಗುವನ್ನೂ ಅದುಮಿಡಬೇಕಾಗುತ್ತದೆ.

ಹಗಲು ರೈಲು ಇಡೀ ದಿನವನ್ನೇ ತೆಗೆದುಕೊಳ್ಳುತ್ತದೆ. ಆದರೂ ನನ್ನ ಆಯ್ಕೆ ಅದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ, ರೈಲು ಅಲ್ಲಿ ಬಹಳ ನಿಧಾನವಾಗಿ ಸಾಗುತ್ತದೆ. ಸುರಂಗ ಹೊಕ್ಕೊಡನೆ ಬೋಗಿಯ ಮಕ್ಕಳೆಲ್ಲ ಕೂಗುತ್ತಾರೆ, ಯಾರೂ ಗದರುವುದಿಲ್ಲ. ಮಗಳು ಪ್ರತಿ ಸಲವೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಬೆಳಕು ಬಂದಾಗ ಬೆರಳ ಸಂದಿಯಿಂದ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದಳು. ಮಗ ಸುರಂಗಗಳನ್ನು ಎಣಿಸುತ್ತಾ ಇಪ್ಪತ್ತೊಂಬತ್ತು ಆದ ಮೇಲೆ "ಇಪ್ಪತ್ತಹತ್ತು" ಎಂದ. ಎದುರು ಸೀಟಿನ ಅಜ್ಜಿ ಮುಂದಿನ ಸುರಂಗಕ್ಕೆ "ಇಪ್ಪತ್ತಹನ್ನೊಂದು, ಅಲ್ವಾ ಮಗಾ?" ಎಂದು ಅವನ ಲೆಕ್ಕವನ್ನೇ ಮುಂದುವರಿಸಿದರು. ಆ ನಗು ಶಿರಿಬಾಗಿಲು ನಿಲ್ದಾಣ ದಾಟಿದರೂ ನಿಲ್ಲಲಿಲ್ಲ.

ರೈಲಿನಲ್ಲಿ ಅವಾಂತರವಾಗಲಿಲ್ಲವೆಂದಲ್ಲ, ಮೊಸರನ್ನದ ಡಬ್ಬಿ ಪೂರ್ತಿ ನನ್ನ ಮಡಿಲಿಗೇ ಬಿತ್ತು. ಆದರೆ ಎದ್ದು ಹೋಗಿ ತೊಳೆದುಕೊಳ್ಳಲು ನೀರಿತ್ತು, ಮಕ್ಕಳನ್ನು ನೋಡಿಕೊಳ್ಳಲು ನನ್ನವರ ಎರಡೂ ಕೈ ಬಿಡುವಾಗಿದ್ದವು. ಕಾರಿನಲ್ಲಿ ನಮ್ಮ ತಾಳ್ಮೆ ಕೆಡಿಸಿದ್ದು ವಾಂತಿಯಲ್ಲ, ಈ ಎರಡು ಅನುಕೂಲಗಳ ಕೊರತೆ.

ಮಳೆಗಾಲದಲ್ಲಿ ಮಾತ್ರ ರೈಲನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. 2024ರ ಜುಲೈನಲ್ಲಿ ಇದೇ ಘಟ್ಟದ ದಾರಿಯ ಯಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಮಣ್ಣು ಕುಸಿದು ಸಂಚಾರ ನಿಂತಿತ್ತು. ಆ ತಿಂಗಳುಗಳಲ್ಲಿ ಹೊರಡುವ ಹಿಂದಿನ ದಿನ ವಿಚಾರಿಸಿಕೊಂಡು, ಊಟದ ಜೊತೆ ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆಯನ್ನೂ ಕೈಚೀಲದ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ.