ಭಾವಚಿತ್ರಗಳನ್ನು ಮೃದುಗೊಳಿಸಲು ಗಿಂಪ್: ಹಲವು ವರ್ಷಗಳ ಬಳಕೆಯ ನಂತರ

ಭಾವಚಿತ್ರಗಳನ್ನು ಒಂದೊಂದಾಗಿ, ತಾಳ್ಮೆಯಿಂದ ಕೂತು ತಿದ್ದುವವರಿಗೆ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಧಾರಾಳವಾಗಿ ಸಾಕು. ಬೆಲೆಯಿಲ್ಲ, ತಿಂಗಳ ಚಂದಾ ಇಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮದುವೆಯ ನಾನೂರು ಫೋಟೋಗಳನ್ನು ವಾರದೊಳಗೆ ಕೊಡಬೇಕಾದವರಿಗೆ ಮಾತ್ರ ಇದು ಹೊಂದುವುದಿಲ್ಲ. 2.8ನೇ ಆವೃತ್ತಿಯಿಂದ 3.0ರವರೆಗಿನ ಬಳಕೆಯ ಮೇಲೆ, ಮುಂಬಯಿಯ ಸೆಖೆ, ಬೆಳಕು, ನಮ್ಮವರ ಮೈಬಣ್ಣ ಇವನ್ನು ಲೆಕ್ಕಕ್ಕೆ ತೆಗೆದುಕೊಂಡು ಬರೆದ ವಿಮರ್ಶೆ ಇದು.

ಗಿಂಪ್ ಅನ್ನು ಈ ಕೆಲಸಕ್ಕೆ ಆರಿಸಿಕೊಳ್ಳಲು ಒಂದೇ ಕಾರಣ ಸಾಕು: ವೇವ್ಲೆಟ್ ಡಿಕಂಪೋಸ್. 2.8ರ ಕಾಲದಲ್ಲಿ ಅದನ್ನು ಪ್ರತ್ಯೇಕ ಪ್ಲಗಿನ್ ಆಗಿ ಹಾಕಿಕೊಳ್ಳಬೇಕಿತ್ತು, ಅದೂ 8 ಬಿಟ್ ಚಿತ್ರಗಳ ಮೇಲೆ ಮಾತ್ರ. ಏಪ್ರಿಲ್ 2018ರಲ್ಲಿ ಬಂದ 2.10 ಅದನ್ನು ಒಳಗೇ ಸೇರಿಸಿಕೊಂಡಿತು, ಜೊತೆಗೆ ಬಣ್ಣದ ಛಾಯೆಗಳನ್ನು ಇನ್ನೂ ಸೂಕ್ಷ್ಮವಾಗಿ ದಾಖಲಿಸುವ 16 ಮತ್ತು 32 ಬಿಟ್ ನಿಖರತೆಯನ್ನೂ ಕೊಟ್ಟಿತು. ಫಿಲ್ಟರ್ಸ್ ಮೆನುವಿನ ಎನ್‌ಹಾನ್ಸ್ ಒಳಗೆ ಸಿಗುತ್ತದೆ. ಚಿತ್ರದ ವಿವರಗಳನ್ನು ಗಾತ್ರಕ್ಕೆ ತಕ್ಕಂತೆ ಒಂದರ ಮೇಲೊಂದು ಕೂರುವ ಬೇರೆ ಬೇರೆ ಲೇಯರ್‌ಗಳಾಗಿ (ಪದರಗಳಾಗಿ) ಬಿಡಿಸಿಡುವುದು ಅದರ ಕೆಲಸ. ಇಂಥ ಒಂದೊಂದು ಗಾತ್ರದ ಹಂತವೇ ಒಂದು ಸ್ಕೇಲ್. ಮೊದಲ ಸ್ಕೇಲ್‌ನಲ್ಲಿ ಒಂದೆರಡು ಪಿಕ್ಸೆಲ್‌ನ ವಿವರ, ಮುಂದಿನದರಲ್ಲಿ ಅದರ ಇಮ್ಮಡಿ, ಹೀಗೆ ದುಪ್ಪಟ್ಟಾಗುತ್ತಾ ಹೋಗಿ ಕೊನೆಗೆ ಉಳಿಯುವ ರೆಸಿಡ್ಯುಯಲ್ ಲೇಯರ್‌ನಲ್ಲಿ ಮುಖದ ಒಟ್ಟು ಬಣ್ಣ, ನೆರಳು ಬೆಳಕು ಮಾತ್ರ ಇರುತ್ತವೆ. ಎಲ್ಲವನ್ನೂ ಗ್ರೈನ್ ಮರ್ಜ್ ಎಂಬ, ಪದರಗಳನ್ನು ಬೆರೆಸುವ ಮೋಡ್‌ನಲ್ಲಿ ಒಟ್ಟಿಗೆ ಇಟ್ಟಾಗ ಮೂಲ ಚಿತ್ರವೇ ಕಾಣುತ್ತದೆ.

ಇದರಿಂದ ಆಗುವ ಲಾಭ ದೊಡ್ಡದು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತಲೆ ಮತ್ತು ಭುಜ ಬರುವಂತೆ ತೆಗೆದ ಚಿತ್ರದಲ್ಲಿ ಮುಖದ ಅಗಲ ಸುಮಾರು 1500 ಪಿಕ್ಸೆಲ್ ಎಂದುಕೊಳ್ಳಿ. ಚರ್ಮದ ರಂಧ್ರಗಳು, ಸಣ್ಣ ರೋಮಗಳು ಮೊದಲ ಮೂರು ಸ್ಕೇಲ್‌ಗಳಲ್ಲಿ ಇರುತ್ತವೆ. ಮೊಡವೆಯ ಗುರುತು, ಕೆನ್ನೆಯ ಉಬ್ಬುತಗ್ಗು, ಕಣ್ಣ ಕೆಳಗಿನ ಸುಕ್ಕು ಬರುವುದು ನಾಲ್ಕು ಮತ್ತು ಐದರಲ್ಲಿ. ಬಣ್ಣದ ಮಚ್ಚೆಗಳು ಆರರಲ್ಲಿ. ನೋಡುವವರ ಕಣ್ಣಿಗೆ ಚರ್ಮ ಒರಟು ಅನ್ನಿಸುವುದು ಈ ಮಧ್ಯದ ಗಾತ್ರದ ಏರುಪೇರಿನಿಂದ. ರಂಧ್ರಗಳನ್ನು ಅಳಿಸಿದ ಕೂಡಲೇ ಮುಖ ಮೇಣದ ಗೊಂಬೆಯಾಗುತ್ತದೆ. ನಾಲ್ಕು, ಐದನ್ನು ತಗ್ಗಿಸಿ ಒಂದರಿಂದ ಮೂರನ್ನು ಹಾಗೇ ಬಿಟ್ಟರೆ ಚರ್ಮ ಚರ್ಮವಾಗಿಯೇ ಉಳಿದು ಮೃದುವಾಗಿ ಕಾಣುತ್ತದೆ. ಫೋನ್ ಆ್ಯಪ್‌ಗಳ ಬ್ಯೂಟಿ ಸ್ಲೈಡರ್‌ಗಳು ಹಲವು ಸಲ ಮಾಡುವುದು ಇದಕ್ಕೆ ತದ್ವಿರುದ್ಧ.

ಪೂರ್ಣಾಕೃತಿಯ ಫೋಟೋ, ಮುಖದ ಅಗಲ 400 ಪಿಕ್ಸೆಲ್ ಅಷ್ಟೇ ಇದ್ದರೆ ಈ ಲೆಕ್ಕ ಎರಡು ಸ್ಕೇಲ್ ಕೆಳಕ್ಕೆ ಜಾರುತ್ತದೆ. ಆಗ ತಗ್ಗಿಸಬೇಕಾದ್ದು ಎರಡು ಮತ್ತು ಮೂರನ್ನು. ಯಾವ ಸ್ಕೇಲ್ ಎಂಬ ಅನುಮಾನ ಬಂದರೆ ಲೇಯರ್‌ಗಳ ಪಕ್ಕದ ಕಣ್ಣಿನ ಗುರುತನ್ನು ಒತ್ತಿ, ಒಂದೊಂದು ಲೇಯರ್ ಅನ್ನೇ ಮರೆಮಾಡಿ ನೋಡಿ. ಯಾವುದು ಮಾಯವಾದಾಗ ಕೆನ್ನೆ ನಯವಾಯಿತೋ ಅದೇ ನಿಮ್ಮ ಲೇಯರ್.

ಕೆಲಸದ ಕ್ರಮ ಹೀಗೆ. ಮೂಲ ಲೇಯರ್‌ನ ನಕಲು ಮಾಡಿ, ಪಕ್ಕದ ಚರ್ಮದಿಂದ ಕಲೆ ಮುಚ್ಚುವ ಹೀಲ್ ಟೂಲ್‌ನಿಂದ ತಾತ್ಕಾಲಿಕವಾದದ್ದನ್ನು ಮಾತ್ರ ತೆಗೆಯಿರಿ: ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಅಂಟಿಕೊಂಡ ಕೂದಲು. ಬ್ರಶ್ ಕಲೆಗಿಂತ ಸ್ವಲ್ಪವೇ ದೊಡ್ಡದಿರಲಿ. ಹುಟ್ಟು ಮಚ್ಚೆ ಮುಟ್ಟಬೇಡಿ, ಅದು ಅವರ ಗುರುತು. ನಂತರ ಈ ಲೇಯರ್ ಮೇಲೆ 6 ಸ್ಕೇಲ್‌ಗೆ ವೇವ್ಲೆಟ್ ಡಿಕಂಪೋಸ್ ನಡೆಸಿ. ಡಿಫಾಲ್ಟ್ 5, ಗರಿಷ್ಠ 7. ಪ್ರತಿ ಸ್ಕೇಲ್‌ಗೂ ಲೇಯರ್ ಮಾಸ್ಕ್ (ಕಪ್ಪು ಬಳಿದಲ್ಲಿ ಪದರ ಮರೆಯಾಗುವ, ಬಿಳಿ ಇದ್ದಲ್ಲಿ ಕಾಣುವ ಮುಸುಕು) ಸೇರಿಸುವ ಆಯ್ಕೆಯನ್ನು ಅಲ್ಲೇ ಗುರುತು ಮಾಡಿಬಿಡಿ. ಈಗ ನಾಲ್ಕನೇ ಸ್ಕೇಲ್‌ನ ಮಾಸ್ಕ್ ಆರಿಸಿ, ಅಂಚು ಮೆತ್ತಗಿರುವ ದೊಡ್ಡ ಬ್ರಶ್‌ನಿಂದ ಕಪ್ಪು ಬಣ್ಣವನ್ನು 20 ಶೇಕಡಾ ಒಪ್ಯಾಸಿಟಿಯಲ್ಲಿ ಕೆನ್ನೆ, ಹಣೆ, ಗಲ್ಲದ ಮೇಲೆ ಎಳೆಯಿರಿ. ಎರಡು ಮೂರು ಸಲ ಎಳೆದರೆ ಸುಮಾರು ಅರ್ಧ ತಗ್ಗುತ್ತದೆ, ಅಲ್ಲಿಗೆ ನಿಲ್ಲಿಸಿ. ಐದರಲ್ಲೂ ಅಷ್ಟೇ, ಇನ್ನೂ ಹಗುರವಾಗಿ. ಕಣ್ಣು, ಹುಬ್ಬು, ತುಟಿಯ ಅಂಚು, ಮೂಗಿನ ಹೊಳ್ಳೆ, ಮೂಗುತಿ, ಕುಂಕುಮ ಇವುಗಳ ಹತ್ತಿರ ಬ್ರಶ್ ಹೋಗಬಾರದು. ಕಣ್ಣ ಕೆಳಗಿನ ನೆರಳನ್ನು ಪೂರ್ತಿ ತೆಗೆದರೆ ಕಣ್ಣು ಮುಖಕ್ಕೆ ಅಂಟಿಸಿದಂತೆ ಕಾಣುತ್ತದೆ, ಅರ್ಧ ಉಳಿಸಿ. ರೆಪ್ಪೆ ಮತ್ತು ಕಣ್ಪಾಪೆಗೆ ಚುರುಕು ಬೇಕಿದ್ದರೆ ಎರಡನೇ ಸ್ಕೇಲ್‌ನ ನಕಲು ಮಾಡಿ, ಕಪ್ಪು ಮಾಸ್ಕ್ ಹಾಕಿ, ಕಣ್ಣಿನ ಜಾಗದಲ್ಲಿ ಮಾತ್ರ ಬಿಳಿಯಿಂದ ತೆರೆಯಿರಿ. ಮುಖ ಮೃದುವಾದಾಗ ಕಣ್ಣು ಚುರುಕಾಗಿದ್ದರೆ ಫೋಟೋ ಮಸುಕು ಎಂದು ಯಾರಿಗೂ ಅನ್ನಿಸದು.

ಕೆಡುವುದು ಎಲ್ಲಿ? ದವಡೆಯ ಗೆರೆ ದಾಟಿ ಬ್ರಶ್ ಹಿನ್ನೆಲೆಗೆ ಹೋದರೆ ಅಂಚಿನಲ್ಲಿ ಮಸುಕಾದ ಪಟ್ಟಿ ಮೂಡುತ್ತದೆ, ಏಕೆಂದರೆ ಆ ಅಂಚು ಎಲ್ಲ ಸ್ಕೇಲ್‌ಗಳಲ್ಲೂ ಹಂಚಿಹೋಗಿರುತ್ತದೆ, ಒಂದನ್ನು ತಗ್ಗಿಸಿದರೆ ಮೊತ್ತ ತಪ್ಪುತ್ತದೆ. ರೆಸಿಡ್ಯುಯಲ್ ಲೇಯರ್ ಅನ್ನು ಬ್ಲರ್ ಮಾಡಿದರೆ ತುಟಿಯ ಕೆಂಪು ಕೆನ್ನೆಗೆ ಹರಿಯುತ್ತದೆ. ಆರನೇ ಸ್ಕೇಲ್ ಹೆಚ್ಚು ತಗ್ಗಿದರೆ ಮೂಗಿನ ಎತ್ತರವೇ ಹೋಗಿ ಮುಖ ಚಪ್ಪಟೆಯಾಗುತ್ತದೆ. ಇನ್ನು 200 ಶೇಕಡಾ ಝೂಮ್‌ನಲ್ಲಿ ಕೂತು ತಿದ್ದಿದರೆ ಅಗತ್ಯಕ್ಕಿಂತ ಹೆಚ್ಚು ತಿದ್ದುವುದು ಖಂಡಿತ. ಮಧ್ಯೆ ಮಧ್ಯೆ ಪೂರ್ತಿ ಚಿತ್ರವನ್ನು ಪರದೆಗೆ ಹೊಂದಿಸಿ ನೋಡುತ್ತಿರಿ.

ಮುಂಬಯಿಯಲ್ಲಿ ಚರ್ಮದ ಸಮಸ್ಯೆಗಿಂತ ಬೆವರಿನ ಹೊಳಪೇ ಹೆಚ್ಚು ಕೆಲಸ ಕೊಡುತ್ತದೆ. ಮೇ ತಿಂಗಳ ಮದುವೆಯಲ್ಲಿ ಫ್ಲಾಶ್ ಬಿದ್ದ ಹಣೆ, ಮೂಗಿನ ತುದಿ ಬಿಳಿಯಾಗಿ ಮಿಂಚುತ್ತವೆ. ಇದಕ್ಕೆ ವೇವ್ಲೆಟ್ ಉಪಯೋಗವಿಲ್ಲ. ಹೊಸ ಲೇಯರ್ ತೆಗೆದು ಡಾರ್ಕನ್ ಓನ್ಲಿ ಮೋಡ್‌ಗೆ ಹಾಕಿ, ಪಕ್ಕದ ಚರ್ಮದ ಬಣ್ಣ ಆರಿಸಿಕೊಂಡು 15 ಶೇಕಡಾದಲ್ಲಿ ಹಗುರವಾಗಿ ಸವರಿ. ಹೊಳಪು ಪೂರ್ತಿ ಹೋಗಬಾರದು. ಕಪ್ಪು ಮೈಬಣ್ಣದ ಮುಖದಲ್ಲಂತೂ ಆಕಾರ ತೋರಿಸುವುದೇ ಆ ಹೊಳಪು. ವಧೂವರರ ಬಯೋಡೇಟಾ ಫೋಟೋಗಳಿಗೆ ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆ ಬರುತ್ತಲೇ ಇರುತ್ತದೆ. ಒಪ್ಪಬೇಡಿ. ಬೆಳಕು ಸಮವಾಗಿ, ಕಣ್ಣು ಸ್ಪಷ್ಟವಾಗಿ ಕಂಡರೆ ಯಾವ ಮೈಬಣ್ಣವೂ ಚೆಂದ, ಮೈಬಣ್ಣ ಬದಲಿಸಿದ ಮುಖ ಆ ವ್ಯಕ್ತಿಯದೇ ಅಲ್ಲ.

ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಮರದಡಿ ತೆಗೆದ ಚಿತ್ರಗಳಲ್ಲಿ ಎಲೆಗಳಿಂದ ಸೋಸಿ ಬಂದ ಬೆಳಕು ಕುತ್ತಿಗೆ, ಗಲ್ಲಕ್ಕೆ ಹಸಿರು ಛಾಯೆ ಕೊಡುತ್ತದೆ. ಮರೀನ್ ಡ್ರೈವ್‌ನಲ್ಲಿ ಸಂಜೆ ಸೂರ್ಯನಿಗೆ ಎದುರಾಗಿ ನಿಂತ ಮುಖ ಕಿತ್ತಳೆಗೆ ತಿರುಗುತ್ತದೆ, ಅದನ್ನು ಮುಕ್ಕಾಲು ಪಾಲು ಉಳಿಸಿಕೊಂಡರೇ ಸೊಗಸು. ಹಸಿರಿಗೆ ಲೆವೆಲ್ಸ್‌ನ ಬೂದು ಬಿಂದು ಪಿಕರ್ ಒಳ್ಳೆಯದು, ಬಿಳಿ ಅಂಗಿಯ ನೆರಳಿನ ಭಾಗದ ಮೇಲೆ ಕ್ಲಿಕ್ ಮಾಡಿ. ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಒತ್ತಲೇಬೇಡಿ. ಹಳದಿಯನ್ನು ದೋಷ ಎಂದು ತಿಳಿದು ಅದು ಇಡೀ ಚಿತ್ರವನ್ನು ನೀಲಿಗೆ ತಳ್ಳುತ್ತದೆ. ಕೆನ್ನೆಯ ಅತಿ ಕೆಂಪಿಗೆ ಹ್ಯೂ ಸ್ಯಾಚುರೇಷನ್‌ನಲ್ಲಿ ಕೆಂಪನ್ನು ಆರಿಸಿ ಹ್ಯೂ +5, ಸ್ಯಾಚುರೇಷನ್ -10, ಓವರ್‌ಲ್ಯಾಪ್ 40 ಇಟ್ಟರೆ ಸಾಕು. ರೇಷ್ಮೆ ಸೀರೆಯ ಕೆಂಪೂ ಬದಲಾಗುವುದರಿಂದ ಮೊದಲು ಮುಖವನ್ನು ಸೆಲೆಕ್ಟ್ ಮಾಡಿ, ಅಂಚನ್ನು 30 ಪಿಕ್ಸೆಲ್ ಫೆದರ್ ಮಾಡಿ, ಅಂದರೆ ಮೆತ್ತಗೆ ಮಾಡಿಕೊಳ್ಳಿ. ಯಕ್ಷಗಾನದ ವೇಷದ ಚಿತ್ರಗಳಿಗೆ ಇದಾವುದೂ ಬೇಡ. ಬಣ್ಣಗಾರಿಕೆಯ ಗೆರೆ ಹರಿತವಾಗಿದ್ದರೇ ವೇಷ.

ಕೊನೆಗೆ ಬೇಕಿದ್ದರೆ ಸಣ್ಣ ಗ್ಲೋ, ಅಂದರೆ ಮೆಲುವಾದ ಕಾಂತಿ. ಸಾಫ್ಟ್‌ಗ್ಲೋ ಎಂಬ ಸಿದ್ಧ ಫಿಲ್ಟರ್ ಇದೆ, ಆದರೆ ಹಿಡಿತ ಕಡಿಮೆ. ಗೋಚರ ಚಿತ್ರದಿಂದ ಹೊಸ ಲೇಯರ್ ಮಾಡಿ, 30 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಸ್ಕ್ರೀನ್ ಮೋಡ್‌ನಲ್ಲಿ 10ರಿಂದ 15 ಶೇಕಡಾ ಇಡಿ. ಸಾಫ್ಟ್ ಲೈಟ್ ಮೋಡ್ ಕಾಂಟ್ರಾಸ್ಟ್ ಏರಿಸಿ ಕಪ್ಪು ಕೂದಲಿನ ಎಳೆಗಳನ್ನೇ ನುಂಗುತ್ತದೆ.

ಕಂಪ್ಯೂಟರ್ ವಿಷಯ. 24 ಮೆಗಾಪಿಕ್ಸೆಲ್‌ನ ಒಂದು ಲೇಯರ್ 16 ಬಿಟ್‌ನಲ್ಲಿ ಸುಮಾರು 192 ಎಂಬಿ, 32 ಬಿಟ್‌ನಲ್ಲಿ 384 ಎಂಬಿ. 6 ಸ್ಕೇಲ್, ರೆಸಿಡ್ಯುಯಲ್, ಮೂಲ, ಅದರ ನಕಲು ಸೇರಿ ಒಂಬತ್ತು ಲೇಯರ್, ಅಂದರೆ 32 ಬಿಟ್‌ಗೆ ಸುಮಾರು 3.5 ಜಿಬಿ; ಅಂಡೂ ಇತಿಹಾಸ ಇದರ ಮೇಲೆ. 8 ಜಿಬಿ ಯಂತ್ರದಲ್ಲಿ 16 ಬಿಟ್ ಆಯ್ದುಕೊಳ್ಳಿ, ಪ್ರಿಫರೆನ್ಸಸ್‌ನ ಸಿಸ್ಟಮ್ ರಿಸೋರ್ಸಸ್‌ನಲ್ಲಿ ಟೈಲ್ ಕ್ಯಾಶ್ (ಗಿಂಪ್ ಚಿತ್ರಕ್ಕೆ ಬಳಸುವ ಮೆಮೊರಿಯ ಮಿತಿ) ಅನ್ನು 4 ಜಿಬಿಗೆ ಇಡಿ.

ಮಾರ್ಚ್ 2025ರ 3.0ರಲ್ಲಿ ಫಿಲ್ಟರ್‌ಗಳು ಲೇಯರ್ ಮೇಲೆ ಜೀವಂತವಾಗಿ ಉಳಿಯುತ್ತವೆ. ಮೇಲಿನ ಗ್ಲೋದ 30 ಪಿಕ್ಸೆಲ್ ಅನ್ನು ಆಮೇಲೆ 20ಕ್ಕೆ ಇಳಿಸಬಹುದು. ಈ ಒಂದಕ್ಕಾಗಿಯೇ ಹೊಸ ಆವೃತ್ತಿಗೆ ಹೋಗುವುದು ಯೋಗ್ಯ. ವೇವ್ಲೆಟ್ ಮಾತ್ರ ಇಂದಿಗೂ ಒಮ್ಮೆ ನಡೆಸಿದರೆ ಮುಗಿಯಿತು. ಹೀಲ್ ಮಾಡುವುದು ಏನಾದರೂ ಮರೆತಿದ್ದರೆ ಮತ್ತೆ ಬಿಡಿಸಬೇಕು. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ತೆರೆಯಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಂಥ ಬೇರೆ ತಂತ್ರಾಂಶ ಬೇಕೇಬೇಕು. ಅಡೋಬಿಯ ಲೈಟ್‌ರೂಮ್ ತಂತ್ರಾಂಶದಂತೆ ಮುಖ, ತುಟಿ, ಹುಬ್ಬು ತಾನೇ ಗುರುತಿಸುವ ಮಾಸ್ಕ್ ಇಲ್ಲ. ಒಂದು ಚಿತ್ರದ ತಿದ್ದುಪಡಿಯನ್ನು ಐವತ್ತಕ್ಕೆ ಅಂಟಿಸಲೂ ಆಗದು. ಆಲ್ಬಮ್‌ನ ಸಾಲು ಫೋಟೋಗಳನ್ನು ಬೇರೆಡೆ ಮುಗಿಸಿ, ಗೋಡೆಗೆ ಹಾಕುವ ಹತ್ತು ಹನ್ನೆರಡನ್ನು ಮಾತ್ರ ಗಿಂಪ್‌ಗೆ ತರುವುದು ಸರಿಯಾದ ಹಂಚಿಕೆ. 12×18 ಇಂಚಿನ ಪ್ರಿಂಟ್‌ಗೆ 300 ಡಿಪಿಐನಲ್ಲಿ 3600×5400 ಪಿಕ್ಸೆಲ್ ಬೇಕು. ಗಿಂಪ್‌ನ ಸ್ವಂತ ಫೈಲ್ ಆದ ಎಕ್ಸ್‌ಸಿಎಫ್ ಉಳಿಸಿಕೊಂಡು, ಎಸ್‌ಆರ್‌ಜಿಬಿ ಬಣ್ಣ ವ್ಯವಸ್ಥೆಯಲ್ಲಿ, 92ರ ಗುಣಮಟ್ಟದ ಜೆಪೆಗ್ ಆಗಿ, ಬಣ್ಣದ ವಿವರ ಎಷ್ಟು ಉಳಿಯಬೇಕೆಂದು ಹೇಳುವ ಸಬ್‌ಸ್ಯಾಂಪ್ಲಿಂಗ್‌ನಲ್ಲಿ 4:4:4 ಆರಿಸಿ ಎಕ್ಸ್‌ಪೋರ್ಟ್ ಮಾಡಿ. 4:2:0 ಆದರೆ ಕುಂಕುಮದ ಅಂಚಿನಲ್ಲಿ ಕೆಂಪು ಚದುರುತ್ತದೆ.